ತಟ್ಟಿದರೆ ಬಿಡಬೇಕು

ಜೂಡೊ ಕಲಿಸುವವಳಿಗೆ ಯಾರನ್ನೂ ಮುಟ್ಟಬೇಡ ಎನ್ನುವುದೂ ಒಂದೇ, ಈಜು ಕಲಿಸುವವಳಿಗೆ ನೀರಿಗೆ ಇಳಿಯಬೇಡ ಎನ್ನುವುದೂ ಒಂದೇ. ಆದರೂ ಅಂದರು. ರೋಗ ಬಂದ ಮೊದಲ ವರ್ಷ ನನ್ನ ತರಬೇತಿ ಶಾಲೆಯ ಬಾಗಿಲಿಗೆ ಮುಟ್ಟಬಾರದೆಂಬ ಚೀಟಿ ಅಂಟಿಸಿ ಹೋದವನು, ಮಾಸ್ಕಿನ ಒಳಗಿಂದಲೇ, "ಸ್ವಲ್ಪ ದಿನ ಅಷ್ಟೇ ಮೇಡಂ" ಅಂದಿದ್ದ. ಆ ಸ್ವಲ್ಪ ದಿನ ಎಷ್ಟು ಉದ್ದದ್ದೆಂದು ಪಾಪ ಅವನಿಗೂ ಗೊತ್ತಿರಲಿಲ್ಲ. ರೋಗ ಹೋಯಿತು, ಚೀಟಿ ಮಾತ್ರ ಇವತ್ತಿಗೂ ಬಾಗಿಲ ಮೇಲಿದೆ.

ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಸ್ಟೂಲಿನ ಮೇಲೆ ಫೋನು ನಿಲ್ಲಿಸಿ ಪಾಠ ಶುರುಮಾಡಿದೆ. ಹನ್ನೊಂದು ಮಕ್ಕಳು, ಪರದೆಯಲ್ಲಿ ಹನ್ನೊಂದು ಸಣ್ಣ ಸಣ್ಣ ಕಿಟಕಿ. ಒಬ್ಬನ ಹಿಂದೆ ಅಜ್ಜಿ ಬಟ್ಟೆ ಮಡಚುತ್ತಿದ್ದರೆ ಇನ್ನೊಬ್ಬಳ ಹಿಂದೆ ಯಾರೋ ಹಲ್ಲುಜ್ಜುತ್ತಿದ್ದರು. ಎತ್ತಿ ಒಗೆಯುವುದಕ್ಕೆ, ಬಿಗಿದು ಹಿಡಿಯುವುದಕ್ಕೆ ಒಂದು ಮೈ ಬೇಕಲ್ಲ? ಅದನ್ನು ನನ್ನ ತಮ್ಮ ಮಾಡಿಕೊಟ್ಟ. ಅವನದು ಸೋಫಾ ಮತ್ತು ಗಾಡಿ ಸೀಟು ರಿಪೇರಿಯ ಅಂಗಡಿ. ಜನ ಮನೆಯಿಂದ ಹೊರಗೇ ಬರದ ಕಾಲದಲ್ಲಿ ಯಾರ ಸೀಟು ಹರಿಯಬೇಕು? ಕೆಲಸವಿಲ್ಲದೆ ನೊಣ ಹೊಡೆಯುತ್ತಿದ್ದವನು, ಹಳೆ ಸೀಟಿನ ಸ್ಪಂಜು, ಸವೆದ ಜೀನ್ಸ್ ಬಟ್ಟೆ, ಭಾರಕ್ಕೆ ಒಂದಿಷ್ಟು ಮರಳು ಸೇರಿಸಿ ಮಕ್ಕಳಿಗೆಲ್ಲ ಒಂದೊಂದು ಗೊಂಬೆ ಹೊಲಿದು ಕಳಿಸಿದ. ತಲೆ, ಕೈ, ಕಾಲು ಎಲ್ಲ ಇದ್ದ ಆಳುದ್ದದ ಗೊಂಬೆ. ಎಷ್ಟು ಎತ್ತಿ ಒಗೆದರೂ ಬಿದ್ದಲ್ಲೇ ಬಿದ್ದಿರುತ್ತಿತ್ತಾದ್ದರಿಂದ ಮಕ್ಕಳು ಅದಕ್ಕೆ ಸೋಂಬೇರಿ ಎಂದು ಹೆಸರಿಟ್ಟರು.

ತಮ್ಮನಿಗೆ ಒಬ್ಬಳೇ ಮಗಳು. ಆಳು ಕುಳ್ಳಿ, ಆದರೆ ಹತ್ತಿರ ಹೋದವರ ಕಣ್ಣಲ್ಲಿ ನೀರು ತರಿಸುತ್ತಾಳೆ ಎಂದು ನಾನೇ ಮೆಣಸು ಎಂದು ಕರೆದಿದ್ದು, ಅದೇ ನಿಂತಿತು. ರೋಗ ಬಂದಾಗ ಅವಳಿಗೆ ಹನ್ನೆರಡು ವರ್ಷ. ಜೂಡೊ ಬಟ್ಟೆ ಹೊಲಿಸಿಕೊಂಡ ವಾರಕ್ಕೇ ಬಾಗಿಲು ಮುಚ್ಚಿತು. ಹೀಗಾಗಿ ಅವಳು ಕಲಿತದ್ದೆಲ್ಲ ಫೋನಿನಲ್ಲಿ, ಸೋಂಬೇರಿಯ ಮೇಲೆ, ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ. ನಾನು ಮೂವತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಚಾಪೆಗೆ ಉಜ್ಜಿ ಉಜ್ಜಿ ನನ್ನ ಕಿವಿ ಊದಿ ಹೂಕೋಸಾಗಿ ಹೋಗಿದೆ. ಅಂಥ ಹುಡುಗಿಯನ್ನು ನಾನು ನೋಡಿರಲಿಲ್ಲ. ಹೇಳಿದ್ದನ್ನು ಮೈ ತಕ್ಷಣ ಹಿಡಿದುಕೊಳ್ಳುತ್ತಿತ್ತು. ಸ್ವಂತ ತಮ್ಮನ ಮಗಳು ಎಂದು ಹೊಗಳುತ್ತಿಲ್ಲ, ಹೊಗಳುವ ಅಭ್ಯಾಸವೇ ನನಗಿಲ್ಲ.

ನಮ್ಮ ಆಟದಲ್ಲಿ ಒಂದು ಮಾತಿದೆ. ಎದುರಾಳಿಯ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಮೊಣಕೈ ಹಿಂದಕ್ಕೆ ಬಾಗುವ ಹಾಗೆ ಎಳೆಯುವ ಪಟ್ಟು ಹಾಕಿದಾಗ, ಅವಳು ತಡೆಯಲಾರದೆ ಬಿಡುವಾಗಿರುವ ಕೈಯಿಂದ ನಿಮ್ಮ ಮೈಮೇಲೆ ಪಟಪಟ ಎಂದು ಎರಡು ಸಲ ತಟ್ಟುತ್ತಾಳೆ. ತಟ್ಟಿದರೆ ಬಿಡಬೇಕು. ಅಲ್ಲಿಗೆ ಆಟ ಮುಗಿಯಿತು, ಗೆದ್ದವರು ನೀವು. ಕೋಪವಿರಲಿ, ಹಗೆ ಇರಲಿ, ತಟ್ಟಿದ ಮರುಗಳಿಗೆ ಬಿಡಬೇಕು. ಆ ನಂಬಿಕೆ ಇರುವುದರಿಂದಲೇ ಒಬ್ಬರ ಕೈಯನ್ನು ಇನ್ನೊಬ್ಬರಿಗೆ ಕೊಟ್ಟು ನಾವು ಆಡುವುದು. ಇದನ್ನು ಫೋನಿನಲ್ಲೂ ಹೇಳಿದ್ದೆ. "ತಟ್ಟಿದರೆ?" ಎಂದು ಕೇಳಿದರೆ ಹನ್ನೊಂದು ಕಿಟಕಿಯಿಂದ "ಬಿಡಬೇಕು" ಎಂದು ಹಿಂದೆ ಮುಂದೆ ಉತ್ತರ ಬರುತ್ತಿತ್ತು. ಸೋಂಬೇರಿಯಂತೂ ತಟ್ಟುತ್ತಿರಲಿಲ್ಲ. ಸಾಕು ಎನ್ನಿಸಿದಾಗ ನಾನೇ "ಬಿಡು" ಎನ್ನುತ್ತಿದ್ದೆ, ಮಕ್ಕಳು ಬಿಡುತ್ತಿದ್ದರು.

ರೋಗ ಹೋದ ಮೇಲೆ ಎಲ್ಲ ಮೊದಲಿನಂತಾಗುತ್ತದೆ ಎಂದು ಕಾದೆವು. ಏನಾಯಿತೆಂದು ನಿಮಗೂ ಗೊತ್ತು. ಬ್ಯಾಂಕಿನ ಗಾಜು ಹೋಗಲಿಲ್ಲ. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡುವುದನ್ನು ಮರೆತ, ತಟ್ಟೆಗೆ ಹಾಕಿ ಮುಂದಕ್ಕೆ ತಳ್ಳುತ್ತಾನೆ. ಕೆಮ್ಮಿದವನ ಪಕ್ಕದ ಸೀಟು ಬಸ್ಸಿನಲ್ಲಿ ಖಾಲಿಯೇ ಹೋಗುತ್ತದೆ. ಆಟದ ಮೇಲೆ ಅಧಿಕಾರ ಇರುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹದಿನೆಂಟರ ಒಳಗಿನವರು ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಪಂದ್ಯದ ದಿನ ಮಾತ್ರ, ಅದೂ ಬೆಳಿಗ್ಗೆ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಪಾಸಾದವರು ಮುಟ್ಟಬಹುದು. ಅಪ್ಪ ಅಮ್ಮಂದಿರಿಗೆ ಒಳಗೆ ಪ್ರವೇಶವಿಲ್ಲ. ಅವರು ಹೊರಗೆ ಗಾಡಿ ನಿಲ್ಲಿಸುವಲ್ಲಿ ಕೂತು ಫೋನಿನಲ್ಲಿ ನೋಡಬೇಕು. ಮೊದಲು ಆಟಗಾರರ ಪಕ್ಕದಲ್ಲೇ ಮಂಡಿಯೂರಿ ಕೂತು ಕೈಬೆರಳು ಕೂಡ ಗಮನಿಸುತ್ತಿದ್ದ ರೆಫರಿ, ಈಗ ಚಾಪೆಯಿಂದ ದೂರ ಎತ್ತರದ ಕುರ್ಚಿಯಲ್ಲಿ ಆಟ ನಿಲ್ಲಿಸುವ ಗುಂಡಿ ಹಿಡಿದು ಕೂರುತ್ತಾನೆ. ಗುರುಗಳಾದ ನಮಗೆ ಗಾಜಿನ ಪೆಟ್ಟಿಗೆ. ಆಟ ನಿಂತಾಗ ಮಾತ್ರ ನಮ್ಮ ಮೈಕು ತೆರೆಯುತ್ತದೆ. ಕೂಗುವ ಜನವೇ ಇಲ್ಲದ್ದರಿಂದ ಜನ ಕೂಗುವ ಸದ್ದನ್ನು ಸ್ಪೀಕರಿನಲ್ಲಿ ಹಾಕುತ್ತಾರೆ. ಖಾಲಿ ಕುರ್ಚಿಗಳು ಚಪ್ಪಾಳೆ ತಟ್ಟುವುದನ್ನು ಮೊದಲ ಸಲ ಕೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ.

ಇಂಥದ್ದೊಂದು ಪಂದ್ಯಾವಳಿಯೇ ಮೆಣಸಿನ ಮೊದಲನೆಯದು. ವಯಸ್ಸು ಹದಿನೈದು ತುಂಬಿತ್ತು. ಮೊದಲೆರಡು ಪಂದ್ಯಗಳಲ್ಲಿ ಎದುರಾಳಿಗಳನ್ನು ಎತ್ತಿ ಒಗೆದ ರಭಸಕ್ಕೇ ಆಟ ಮುಗಿದುಹೋಯಿತು. ಮೂರನೆಯದು ನೀಲಿ ಬಟ್ಟೆಯ ಹುಡುಗಿಯೊಂದಿಗೆ. ಅವಳು ಗಟ್ಟಿಗಿತ್ತಿ, ಬಿದ್ದರೂ ಮಗುಚಿಕೊಂಡು ಏಳಲು ನೋಡಿದಳು. ಆಗ ಮೆಣಸು ಅವಳ ತೋಳು ಹಿಡಿದು ಹಿಂದಕ್ಕೆ ಮಲಗಿ, ಎರಡೂ ಕಾಲನ್ನು ಅವಳ ಎದೆಯ ಮೇಲೆ ಹಾಕಿ ಪಟ್ಟು ಬಿಗಿದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ನಾನು ಗಾಜಿನ ಪೆಟ್ಟಿಗೆಯೊಳಗೆ ಎದ್ದು ನಿಂತೆ. ಗೆದ್ದಳು ಎಂದುಕೊಂಡೆ, ನನ್ನ ಹುಡುಗಿ ಗೆದ್ದಳು.

ನೀಲಿ ಹುಡುಗಿ ತಟ್ಟಿದಳು. ಮೆಣಸಿನ ಕಾಲಿನ ಮೇಲೆ, ಪಟಪಟ ಎಂದು ಎರಡು ಸಲ. ನನಗೆ ಸ್ಪಷ್ಟವಾಗಿ ಕಂಡಿತು. ರೆಫರಿ ಆಚೆ ಬದಿಯಲ್ಲಿದ್ದ, ಅವನಿಗೆ ಆ ಕೈ ಕಾಣುವಂತಿರಲಿಲ್ಲ. ಮೆಣಸು ಬಿಡಲಿಲ್ಲ. ಬಿಡದಿದ್ದರೆ ಹೋಗಲಿ, ಸೊಂಟ ಎತ್ತಿ ಇನ್ನೂ ಬಿಗಿ ಮಾಡಿದಳು. ಹುಡುಗಿ ಮತ್ತೆ ತಟ್ಟಿದಳು. ಮೆಣಸು ಮತ್ತೂ ಬಿಗಿ ಮಾಡಿದಳು. ನಾನು "ಬಿಡೇ! ಬಿಡೇ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ, ಎರಡೂ ಕೈಯಿಂದ ಗಾಜು ಬಡಿದೆ. ಮೈಕು ಮುಚ್ಚಿತ್ತು. ಸ್ಪೀಕರಿನಲ್ಲಿ ಇಲ್ಲದ ಜನ ಹೋ ಎಂದು ಹುರಿದುಂಬಿಸುತ್ತಿದ್ದರು. ಆ ಗದ್ದಲದ ನಡುವೆಯೂ, ಗಾಜಿನ ಒಳಗೂ, ಮೊಣಕೈ ಮುರಿದ ಸದ್ದು ನನಗೆ ಕೇಳಿಸಿತು.

ಆಮೇಲೆ ನೀಲಿ ಹುಡುಗಿ ಕೂಗಿದಳು. ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ.

ರೆಫರಿ ಗುಂಡಿ ಒತ್ತಿದ. ಮೈಕು ತೆರೆಯಿತು. ನಾನು "ಬಿಡು" ಅಂದೆ, ಮೆಣಸು ತಕ್ಷಣ ಬಿಟ್ಟಳು. ಬಿಟ್ಟು ಎದ್ದು ನಿಂತು, ಬಟ್ಟೆ ಸರಿಮಾಡಿಕೊಂಡು, ಗೆದ್ದವಳ ಮುಖ ಮಾಡಿ ನನ್ನ ಕಡೆ ನೋಡಿದಳು. ಆಮೇಲೆ ಕೆಳಗೆ ನೋಡಿದಳು. ನೀಲಿ ಹುಡುಗಿಯ ಕೈ ಬಾಗಬಾರದ ಕಡೆಗೆ ಬಾಗಿತ್ತು. ಮೆಣಸಿನ ಮುಖದ ಬಣ್ಣ ಇಳಿದುಹೋದದ್ದನ್ನು ನಾನು ನೋಡುತ್ತಾ ನಿಂತೆ.

ತಮ್ಮ ಹೊರಗೆ ಗಾಡಿಯಲ್ಲಿ ಕೂತಿದ್ದ. ಅವನ ಫೋನಿನಲ್ಲಿ ಆಟ ಸ್ವಲ್ಪ ತಡವಾಗಿ ಬರುತ್ತಿತ್ತಂತೆ. ಒಳಗಿನಿಂದ ಕೂಗು ಕೇಳಿದಾಗ ಅವನ ಪರದೆಯಲ್ಲಿ ಮಗಳು ಇನ್ನೂ ಪಟ್ಟು ಬಿಗಿಯುತ್ತಿದ್ದಳು. ಏನು ಆಗಲಿದೆ ಎಂದು ಗೊತ್ತಾದ ಮೇಲೆ ಅದು ಆಗುವುದನ್ನು ಅವನು ನೋಡಬೇಕಾಯಿತು. ನಾನು ಹೊರಗೆ ಬಂದಾಗ ಗಾಡಿಯ ಬಾಗಿಲು ತೆರೆದಿತ್ತು, ಅವನು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ.

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿಗೆ ಕೂರಬಾರದೆಂಬ ಗುರುತು ಅಂಟಿಸಿದ್ದರು. ಅಂಥ ಹೊತ್ತಿನಲ್ಲೂ ನಾವು ಆ ಗುರುತು ಬಿಟ್ಟು ಬಿಟ್ಟು ಕೂತೆವಲ್ಲ, ನಮಗೇನು ಬಡಿದಿದೆ ಎಂದು ಈಗ ಅನ್ನಿಸುತ್ತದೆ. ನೀಲಿ ಹುಡುಗಿಯನ್ನು ಆಪರೇಷನ್ನಿಗೆ ಒಯ್ದಿದ್ದರು. ಅವಳ ತಾಯಿ ನನ್ನೆದುರು ಬಂದು ನಿಂತರು. ಬೈಯಲಿ, ಹೊಡೆಯಲಿ ಎಂದು ನಾನು ತಲೆ ಬಗ್ಗಿಸಿದೆ.

"ನನ್ನ ಮಗಳು ತಟ್ಟಿದ್ಳು" ಅಂದರು ಆ ತಾಯಿ. ದನಿ ಎತ್ತಲಿಲ್ಲ. "ನಾಲ್ಕು ಸಲ ತಟ್ಟಿದ್ಳು. ನಿಮ್ಮ ಹುಡುಗಿಗೆ ಮನುಷ್ಯರ ಕೈ ಅಂದ್ರೆ ಏನು ಅಂತ ಗೊತ್ತಾಗಲ್ವಾ?"

ಅವರು ಹೋದ ಮೇಲೆ ನಾನು ಮೆಣಸಿನ ಮೇಲೆ ಹರಿಹಾಯ್ದೆ. ತಪ್ಪೋ ಸರಿಯೋ, ನನ್ನ ಬಾಯಿ ಹಾಗೆ. "ಅವಳು ತಟ್ಟಿದ್ದು ನಿನಗೆ ಗೊತ್ತಾಗ್ಲಿಲ್ವೇನೇ?"

"ಗೊತ್ತಾಯ್ತು ಅತ್ತೆ."

"ಗೊತ್ತಾಗಿ ಯಾಕೆ ಬಿಡ್ಲಿಲ್ಲ?"

ಅವಳು ತನ್ನ ಕಾಲನ್ನೇ ನೋಡುತ್ತಾ ಹೇಳಿದಳು: "ತಟ್ಟಿದಾಗ... ಚೆನ್ನಾಗಿ ಹಿಡಿದಿದೀನಿ, ಇನ್ನೂ ಹಿಡೀಬೇಕು ಅಂತ ಅನ್ನಿಸ್ತು. ಯಾಕೋ ಗೊತ್ತಿಲ್ಲ ಅತ್ತೆ. ಖುಷಿ ಆಯ್ತು."

ನಾನು ಬೆಪ್ಪಾದೆ. ಖುಷಿಯೇ? ಇದೆಂಥ ರಾಕ್ಷಸಿಯನ್ನು ತಯಾರು ಮಾಡಿದೆ ನಾನು ಎಂದು ಒಂದು ಕ್ಷಣ ನಿಜವಾಗಿ ಹೆದರಿದೆ. ಆಗ ಒಂದು ಕುರ್ಚಿ ಆಚೆ ಕೂತಿದ್ದ ತಮ್ಮ, "ಅಕ್ಕಾ" ಅಂದ. ಅವನ ಎಡಗೈ ಗಾಳಿಯಲ್ಲಿತ್ತು. ಅದನ್ನು ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡುತ್ತಿದ್ದ.

"ನಾನು ತಟ್ತಿದ್ದೆ" ಅಂದ.

"ಏನು ತಟ್ತಿದ್ದೆ? ಬಿಡಿಸಿ ಹೇಳೋ."

ಬಿಡಿಸಿ ಹೇಳಿದ. ಸೀಟಿಗೆ ಬಟ್ಟೆ ಹೊಡೆಯುವವರು ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಾರೆ. ಬಲಗೈಯಲ್ಲಿ ಸುತ್ತಿಗೆ, ಎಡಗೈಯಿಂದ ಬಾಯಿಯೊಳಗಿನ ಮೊಳೆ ಒಂದೊಂದೇ ತೆಗೆದು ಹೊಡೆಯುವುದು. ಹಿಂದಿನ ಕೋಣೆಯಲ್ಲಿ ಮಗಳು ಸೋಂಬೇರಿಯ ಮೇಲೆ ಅಭ್ಯಾಸ ಮಾಡುವಾಗ ಇವನು ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದ. ಮಗಳು ಒಳ್ಳೆಯ ಪಟ್ಟು ಹಾಕಿದಾಗ ಭೇಷ್ ಎನ್ನಬೇಕು ಅನ್ನಿಸುತ್ತಿತ್ತು, ಆದರೆ ಬಾಯಿ ತುಂಬ ಮೊಳೆ. ಅದಕ್ಕೆ ಎಡಗೈಯಿಂದ ಅವಳ ಕಾಲ ಮೇಲೆ ತಟ್ಟುತ್ತಿದ್ದ, ಪಟಪಟ ಎಂದು ಎರಡು ಸಲ. ಭೇಷ್ ಮಗಳೇ, ಇನ್ನೂ ಗಟ್ಟಿ ಹಿಡಿ ಎಂದು ಅದರ ಅರ್ಥ. ಅವಳು ಇನ್ನೂ ಗಟ್ಟಿ ಹಿಡಿಯುತ್ತಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ವರ್ಷ. ಹೊರಗಿನವರು ಯಾರೂ ಅವಳನ್ನು ಮುಟ್ಟದ ಆ ಮೂರು ವರ್ಷ ಅವಳ ಮೈಗೆ ತಾಗಿದ್ದು ಅಪ್ಪನ ಆ ಎರಡು ತಟ್ಟು. ಪಾಠದ ಹೊತ್ತಿನಲ್ಲಿ ಅವಳ ಫೋನು ಅವಳ ತಲೆಯ ಕಡೆ ಇರುತ್ತಿತ್ತು. ನನಗೆ ಅವಳ ಕೈ ಕಾಣುತ್ತಿತ್ತು, ಸೋಂಬೇರಿಯ ತೋಳು ಕಾಣುತ್ತಿತ್ತು, ಕಾಲಿನ ಕಡೆ ಏನೂ ಕಾಣುತ್ತಿರಲಿಲ್ಲ.

ಯಾರ ಮೇಲೆ ರೇಗಲಿ? ರೇಗುವುದಕ್ಕೂ ಒಬ್ಬ ತಪ್ಪಿತಸ್ಥ ಬೇಕು. ಅಪ್ಪನೊಬ್ಬ ಮಗಳನ್ನು ಮೆಚ್ಚಿ ತಟ್ಟಿದ, ಅದರಿಂದ ಇನ್ನೊಬ್ಬರ ಮಗಳ ಕೈ ಮುರಿಯಿತು ಎಂದರೆ ಯಾವ ದೇವರಿಗೆ ದೂರು ಕೊಡುವುದು? ತಮ್ಮ ಆ ತಾಯಿಯ ಬಳಿ ಹೋಗಿ ಎಲ್ಲವನ್ನೂ ಹೇಳಿದ. ಅವರು ಕೇಳಿಸಿಕೊಂಡು, ಆಪರೇಷನ್ ಕೋಣೆಯ ಬಾಗಿಲ ಕಡೆ ತಿರುಗಿದರು. ಆ ಹುಡುಗಿಯ ಮೊಣಕೈಗೆ ಲೋಹದ ಪಟ್ಟಿ ಕೂರಿಸಿದ್ದಾರೆ. ಪೂರ್ತಿ ನೆಟ್ಟಗಾಗುವುದು ಕಷ್ಟ ಎಂದು ಡಾಕ್ಟರು ಹೇಳಿದರು.

ಮರುವಾರ ನಾನು ಶಾಲೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿ, ಚೀಟಿಗೆ ಬೆನ್ನು ತಿರುಗಿಸಿ, ಉಳಿದ ಹತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದೆ. ಚಾಪೆಯ ಮೇಲೆ ಮಲಗಿ ನನ್ನ ತೋಳು ಕೊಟ್ಟು, ಮೆಲ್ಲಗೆ ಹಿಡಿಯಿರಿ ಅಂದೆ. ಆಮೇಲೆ ತಟ್ಟಿದೆ. ಇವರಿಗೆ ಯಾವ ಅಪ್ಪನೂ ಕಾಲು ತಟ್ಟಿರಲಿಲ್ಲ. ಆದರೂ ಒಬ್ಬರೂ ಬಿಡಲಿಲ್ಲ. ಬಿಗಿ ಮಾಡಲಿಲ್ಲ ನಿಜ, ಸುಮ್ಮನೆ ಹಿಡಿದುಕೊಂಡೇ ಇದ್ದರು. ನನ್ನ ಕೈ ತಮ್ಮ ಮೈಮೇಲೆ ಏನೋ ಹೇಳುತ್ತಿದೆ ಎಂಬುದೇ ಅವರಿಗೆ ತಿಳಿಯಲಿಲ್ಲ. "ಬಿಡು" ಎಂದು ಬಾಯಿಬಿಟ್ಟು ಹೇಳಿದಾಗ ತಕ್ಷಣ ಬಿಟ್ಟರು, ಬಹಳ ವಿಧೇಯರಾಗಿ. ಹತ್ತನೆಯವನು ಹೋದ ಮೇಲೂ ನಾನು ಚಾಪೆಯಿಂದ ಏಳಲಿಲ್ಲ. ಈ ಮಕ್ಕಳು ನಾಳೆ ದೊಡ್ಡವರಾಗಿ ಯಾರ ಯಾರ ಕೈ ಹಿಡಿಯುತ್ತಾರೋ ಎಂದು ಯೋಚಿಸಿ ಭಯವಾಯಿತು.

ಇತ್ತ ಮೆಣಸು ಮುಟ್ಟುವುದನ್ನೇ ಬಿಟ್ಟಳು. ಎರಡೂ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡು ಓಡಾಡುತ್ತಿದ್ದಳು. ನೀರಿನ ಲೋಟವನ್ನು ಮೇಜಿನ ಮೇಲೆ ಇಟ್ಟ ಮೇಲೆಯೇ ತೆಗೆದುಕೊಳ್ಳುವುದು. ಒಂದು ದಿನ ತಮ್ಮನ ಹೆಂಡತಿ ನನಗೆ ಫೋನು ಮಾಡಿ ಅತ್ತಳು. "ಜಡೆ ಹಾಕ್ತೀನಿ ಬಾ ಅಂದ್ರೆ ದೂರ ಓಡ್ತಾಳೆ ಅತ್ತಿಗೆ. ಅಮ್ಮಾ, ನಾನು ನಿಂಗೂ ಏನಾದ್ರೂ ಮಾಡಿಬಿಡ್ತೀನಿ, ನನ್ನ ಮೈ ನನ್ನ ಮಾತು ಕೇಳಲ್ಲ ಅಂತಾಳೆ." ಜೂಡೊ ಹಾಳಾಗಿ ಹೋಗಲಿ. ಹದಿನೈದರ ಹುಡುಗಿ ತನ್ನ ಕೈಗೆ ತಾನೇ ಹೆದರಿ ಬದುಕುವುದು ಹೇಗೆ? ನಾನು ಬುದ್ಧಿ ಹೇಳಿದೆ, ಬೈದೆ, ರಮಿಸಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಕೊನೆಗೆ ತಮ್ಮನೇ ಅವಳನ್ನು ಶಾಲೆಗೆ ಕರೆತಂದ. ನಾನೇ ಮಲಗುತ್ತೇನೆ, ನನ್ನ ತೋಳೇ ಹಿಡಿಯಲಿ ಅಂದೆ. ತಮ್ಮ ಒಪ್ಪಲಿಲ್ಲ.

"ಅದನ್ನ ಕಲಿಸಿದ್ದು ನನ್ನ ಕೈ ಅಕ್ಕ. ನಿನ್ನ ಕೈ ಮರೆಸಕ್ಕಾಗಲ್ಲ."

"ಹಾಗಾದ್ರೆ ಎಡಗೈ ಕೊಡೋ. ಬಲಗೈ ನಿನ್ನ ಅನ್ನ."

"ತಟ್ತಿದ್ದದ್ದು ಎಡಗೈಲಿ. ತಟ್ಟೋಕೆ ಅದು ಬಿಡುವಾಗಿರ್ಬೇಕಲ್ಲ" ಅಂದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಏನೇ ಆದ್ರೂ ನೀನು ಬಿಡು ಅನ್ಬಾರ್ದು. ನಿನ್ನ ಮಾತಿಗೆ ಅವಳು ಬಿಡ್ತಾಳೆ, ಅದು ಗೊತ್ತಿರೋದೇ. ತಟ್ಟಿದ್ದಕ್ಕೆ ಬಿಡ್ಬೇಕು."

ಬುದ್ಧಿ ನೆಟ್ಟಗಿರುವ ಯಾವ ಗುರುವೂ ಇದಕ್ಕೆ ಒಪ್ಪುವುದಿಲ್ಲ. ನಾನು ಒಪ್ಪಿದೆ.

ಮೆಣಸು ಮೊದಲು ಆಗಲ್ಲ ಅಂದಳು, ಅತ್ತಳು, ಬಾಗಿಲ ತನಕ ಓಡಿದಳು. ಚಿಲಕಕ್ಕೆ ಕೈಹಾಕಿ ನಿಂತು ಹಿಂತಿರುಗಿ ನೋಡಿದಳು. ಅಪ್ಪ ಆಗಲೇ ಚಾಪೆಯ ಮೇಲೆ ಮಲಗಿ ಬಲಗೈ ಚಾಚಿದ್ದ. ಅವನ ಹೊಟ್ಟೆ ಏರಿ ಇಳಿಯುತ್ತಿತ್ತು. ಹೆದರಿದ್ದ, ಪಾಪ, ಚಿಕ್ಕಂದಿನಿಂದಲೂ ಅವನು ಪುಕ್ಕಲ. ಅವಳು ನಿಧಾನವಾಗಿ ವಾಪಸ್ಸು ಬಂದು ಕೂತಳು. ಕೈಗಳನ್ನು ತೋಳಿನಿಂದ ಹೊರಗೆ ತೆಗೆದಳು. ಅಪ್ಪನ ಮಣಿಕಟ್ಟು ಹಿಡಿದು, ಹಿಂದಕ್ಕೆ ಮಲಗಿ, ಕಾಲುಗಳನ್ನು ಅವನ ಎದೆಯ ಮೇಲೆ ಹಾಕಿದಳು. ಪಟ್ಟು ಬಿಗಿಯಾಯಿತು.

ತಮ್ಮ ಎಡಗೈಯಿಂದ ತಟ್ಟಿದ. ಪಟಪಟ, ಎರಡು ಸಲ.

ಅವಳ ಸೊಂಟ ಮೇಲೆದ್ದಿತು. ದೇವರಾಣೆಗೂ ಎದ್ದಿತು, ನಾನು ಕಣ್ಣಾರೆ ನೋಡಿದೆ. ಎಲ್ಲ ಗೊತ್ತಿದ್ದೂ, ಅಷ್ಟು ಅತ್ತ ಮೇಲೂ, ಆ ಮೈ ಇನ್ನೂ ಬಿಗಿ ಮಾಡಿತು. ತಮ್ಮನ ಕುತ್ತಿಗೆಯ ನರ ಉಬ್ಬಿತು, ಮುಖ ಸುಣ್ಣದಂತಾಯಿತು. ಅವನು ಮತ್ತೆ ತಟ್ಟಿದ. "ಬಿಡು" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಮೂವತ್ತು ವರ್ಷ ಯಾರು ಹೇಳಿದರೂ ನಿಲ್ಲದ ನನ್ನ ಬಾಯಿಯನ್ನು ನಾನೇ ಎರಡೂ ಕೈಯಿಂದ ಮುಚ್ಚಿಕೊಂಡೆ. ತಮ್ಮನ ಎಡಗೈ ಮೂರನೆಯ ಸಲ ಅವಳ ಕಾಲ ಮೇಲೆ ಬಿತ್ತು. ಈ ಸಲ ಅದಕ್ಕೆ ತಟ್ಟುವ ಶಕ್ತಿ ಇರಲಿಲ್ಲ. ಸುಮ್ಮನೆ ಬಿದ್ದು, ಅಲ್ಲೇ ನಡುಗುತ್ತಿತ್ತು.

ಮೆಣಸು ಬಿಟ್ಟಳು.

ಯಾರೂ ಹೇಳಲಿಲ್ಲ, ಗುಂಡಿ ಒತ್ತಲಿಲ್ಲ. ತಾನಾಗಿ ಬಿಟ್ಟಳು. ಬಿಟ್ಟವಳು ಮಂಡಿಯ ಮೇಲೆ ಎದ್ದು ಕೂತು ಅಪ್ಪನ ಮುಖವನ್ನು ಬಗ್ಗಿ ನೋಡಿದಳು.

"ಅಪ್ಪಾ, ನೋವಾಯ್ತಾ?"

"ತುಂಬಾ ನೋವಾಯ್ತು ಮಗಳೇ" ಅಂದ ತಮ್ಮ. ಅವನ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

ಆ ಮೂರು ವರ್ಷದಲ್ಲಿ ಅವಳಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಸ್ಪಂಜು ಹೇಳುತ್ತದೆಯೇ? ಅವಳು ಎರಡೂ ಕೈಯಿಂದ ಅಪ್ಪನ ಮೊಣಕೈ ಹಿಡಿದು ತಿಕ್ಕತೊಡಗಿದಳು. ತಿಕ್ಕುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಅಳುವುದರಲ್ಲಿ ನಮ್ಮ ಮನೆತನ ಯಾರಿಗೂ ಕಡಿಮೆ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡು, "ಅಪ್ಪಾ, ನೀನು ಮೂರು ಸಲ ತಟ್ಟಬೇಕಾಯ್ತು" ಅಂದಳು.

"ಹೂಂ."

"ಮೊದಲ್ನೇ ಸಲಕ್ಕೇ ಬಿಡ್ಬೇಕು."

ತಮ್ಮ ನನ್ನ ಮುಖ ನೋಡಿದ. ಅವನ ತುಟಿ ಬಿಳಿಚಿತ್ತು. ಆಮೇಲೆ ಮಗಳ ಮುಖ ನೋಡಿದ. ಮತ್ತೆ ಚಾಪೆಯ ಮೇಲೆ ಮಲಗಿ ಅದೇ ಬಲಗೈಯನ್ನು ಅವಳ ಮುಂದೆ ಚಾಚಿದ.